ಹದಿಮೂರನೆಯ ಲೈಸೆನ್ಸ್

"ಹನ್ನೆರಡು ಲೈಸೆನ್ಸ್ ತಾನೇ ನಾವು ತಗೊಂಡಿರೋದು? ಹದಿಮೂರು ಜನ ಎಲ್ಲಿಂದ ಬಂದ್ರಪ್ಪ?" ಯಜಮಾನರು ಸಾಫ್ಟ್‌ವೇರ್ ಕಂಪನಿಯ ಪತ್ರವನ್ನು ಮೇಜಿನ ಮೇಲೆ ತಿರುಗಿಸಿಟ್ಟರು.

ವೈರಣ್ಣ ಓದುವವನಂತೆ ಬಗ್ಗಿದ. ಓದುವ ಅಗತ್ಯವೇನೂ ಇರಲಿಲ್ಲ. ಕಟ್ಟಡಗಳ ನಕ್ಷೆ ಬರೆಯುವ ಆ ಕಚೇರಿಯ ಕಂಪ್ಯೂಟರುಗಳನ್ನೂ ಅವುಗಳ ನಡುವಿನ ವೈರುಗಳನ್ನೂ ನೋಡಿಕೊಳ್ಳುತ್ತಿದ್ದವನು ಅವನೇ. ಹೆಸರು ಬಂದದ್ದೂ ಹಾಗೆಯೇ. ಮನೆಯಲ್ಲಿ ಕೂತು ಕಚೇರಿಯ ಸರ್ವರ್‌ನಲ್ಲಿ ಕೆಲಸ ಮಾಡಬೇಕಾದರೆ ತಲೆಗೊಂದು ಲೈಸೆನ್ಸ್ ಬೇಕು. ಹದಿಮೂರನೆಯ ತಲೆಯನ್ನು ಅವನೇ ಗುಟ್ಟಾಗಿ ಸೇರಿಸಿದ್ದ. ಹೊಸಬರಿಗೆಂದು ಒಂದು ತಿಂಗಳ ಮಟ್ಟಿಗೆ ಸಿಗುವ ಅನುಮತಿಯನ್ನು ತಿಂಗಳು ತಿಂಗಳೂ ಹೊಸದು ಮಾಡುತ್ತ ಎಂಟು ತಿಂಗಳು ತಳ್ಳಿದ್ದ.

ಅದು ಕಚೇರಿಯಲ್ಲಿ ನಕ್ಷೆ ಬರೆಯುವ ನಕ್ಷೆಯಕ್ಕನಿಗಾಗಿ. ಆಕೆಯ ಗಂಡನಿಗೆ ಲಕ್ವ ಹೊಡೆದು ಬಲಭಾಗವೂ ಮಾತೂ ಹೋಗಿದ್ದವು. ಮಂಚ ಹೊರಗೆ ಬಾರದಷ್ಟು ಕಿರಿದಾದ ಬಾಗಿಲಿನ ಕೋಣೆಯಲ್ಲಿ, ಅದರ ಪಕ್ಕದಲ್ಲೇ ಮೇಜು ಹಾಕಿಕೊಂಡು ಆಕೆ ಊರವರ ಗೋಡೆ, ಕಿಟಕಿ, ಮೆಟ್ಟಿಲು ಎಳೆಯುತ್ತಿದ್ದಳು. "ಮೌಸಿನ ಟಿಕ್ ಟಿಕ್ ನಿಂತ್ರೆ ಕಣ್ಣು ಬಿಡ್ತಾರೆ ಕಣೋ. ಅವರಿಗೆ ಅದೇ ಜೋಗುಳ" ಎಂದು ಒಮ್ಮೆ ನಕ್ಕಿದ್ದಳು.

"ಯಾರದ್ದಾದ್ರೂ ಇರ್ಲಿ, ಹೆಚ್ಚಿಗೆ ಇರೋದನ್ನ ಸಂಜೆಯೊಳಗೆ ತೆಗಿ. ಸೋಮವಾರ ಕಂಪನಿಯವರು ಪರೀಕ್ಷೆ ಮಾಡೋಕೆ ಬರ್ತಾರಂತೆ" ಎಂದರು ಯಜಮಾನರು.

ವೈರಣ್ಣ ತನ್ನ ಜಾಗಕ್ಕೆ ಬಂದು ಪಟ್ಟಿ ತೆರೆದ. ಮೂರನೆಯ ಹೆಸರು ಯಜಮಾನರ ಅಳಿಯನದು. ಅವನು ಕೊನೆಯ ಬಾರಿ ಸರ್ವರ್‌ನೊಳಗೆ ಬಂದು ಏಳು ತಿಂಗಳಾಗಿತ್ತು. ಆ ಹೆಸರು ತೆಗೆದು ನಕ್ಷೆಯಕ್ಕನದನ್ನು ಸೇರಿಸಲು ಎರಡು ನಿಮಿಷ ಸಾಕು. ಯಜಮಾನರನ್ನು ಒಂದು ಮಾತು ಕೇಳಬೇಕು, ಅಷ್ಟೆ. ಎದ್ದು ಅವರ ಬಾಗಿಲವರೆಗೂ ಹೋದ. ಒಳಗೆ ಅವರು ಅಳಿಯನೊಂದಿಗೇ ಫೋನಿನಲ್ಲಿ ಜೋರಾಗಿ ನಗುತ್ತಿದ್ದರು. ಕೇಳಿದರೆ, ಗುಟ್ಟಾಗಿ ಸೇರಿಸಿದ್ದು ಯಾರು ಎಂಬ ಪ್ರಶ್ನೆಯೂ ಬರುತ್ತದೆ. ಕೈಯಾರೆ ಅನ್ನಕ್ಕೆ ಕಲ್ಲು ಹಾಕಿಕೊಳ್ಳುವುದೇಕೆ ಎಂದುಕೊಂಡು ಹಿಂದಿರುಗಿದ.

ವಿಷಯ ತಿಳಿಸಿದಾಗ ನಕ್ಷೆಯಕ್ಕ ಸಿಟ್ಟಾಗಲಿಲ್ಲ. "ಹತ್ತು ದಿನ ಕೊಡೋಕಾಗಲ್ವೇನೋ?" ಎಂದಳು.

"ಇಲ್ಲಕ್ಕ. ಮೇಲಿಂದ ಬಂದಿದೆ."

"ಆಯ್ತು ಬಿಡು, ನೀನಾದ್ರೂ ಏನ್ ಮಾಡ್ತೀಯ. ಇಷ್ಟು ದಿನ ನಡೆಸ್ಕೊಟ್ಟಿದ್ದೇ ದೊಡ್ಡದು. ಇವರನ್ನ ನೋಡ್ಕೊಳ್ಳೋಕೆ ಪಕ್ಕದ ಮನೆಯವರನ್ನ ಕೇಳ್ತೀನಿ."

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಸೋಮವಾರದಿಂದ ಆಕೆ ಕಚೇರಿಗೆ ಬಂದಳು. ಗಂಟೆಗೊಮ್ಮೆ ಪಕ್ಕದ ಮನೆಗೆ ಫೋನ್ ಮಾಡುತ್ತಿದ್ದಳು. ಗುರುವಾರ ಹನ್ನೊಂದರ ಹೊತ್ತಿಗೆ ಫೋನ್ ಆ ಕಡೆಯಿಂದಲೇ ಬಂತು. ಆಕೆ ಕೇಳಿಸಿಕೊಂಡಳು. ಆಮೇಲೆ ನಕ್ಷೆಯನ್ನು ಸೇವ್ ಮಾಡಿ, ಕಂಪ್ಯೂಟರ್ ಆರಿಸಿ, ಮೇಜಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕತೊಡಗಿದಳು. ಕಾಲಲ್ಲೇ ಇದ್ದವು.

ಆಕೆಯ ಗಂಡನ ಅಂತ್ಯಕ್ರಿಯೆ ಮುಗಿಸಿಕೊಂಡು ವಾಪಸಾಗುವಾಗ ಕಾರಿನಲ್ಲಿ ಯಜಮಾನರು ಕೇಳಿದರು, "ಮನೆಯಿಂದಲೇ ಕೆಲಸ ಮಾಡ್ತಿದ್ದಳಲ್ಲ, ಈ ವಾರ ಯಾಕೆ ಬಂದ್ಲು?"

ವೈರಣ್ಣ ಹೇಳಿದ. ಬಾಗಿಲವರೆಗೆ ಹೋಗಿ ತಿರುಗಿ ಬಂದದ್ದನ್ನೂ ಬಿಡದೆ ಹೇಳಿದ.

ಯಜಮಾನರು ಅವನ ಕಡೆ ತಿರುಗಿದರು. "ಅಳಿಯನದು ಸುಮ್ನೆ ಬಿದ್ದಿತ್ತಲ್ಲಯ್ಯ. ಒಂದು ಮಾತು ಕೇಳಿದ್ರೆ ನಾನು ಇಲ್ಲ ಅಂತಿದ್ನಾ?"

ಅಂತಿದ್ದರೋ ಇಲ್ಲವೋ, ಇನ್ನು ತಿಳಿಯುವ ಹಾಗಿರಲಿಲ್ಲ.

ಮರುದಿನವೇ ಆ ಲೈಸೆನ್ಸ್ ಆಕೆಯ ಹೆಸರಿಗಾಯಿತು. ಎರಡು ವಾರ ಕಳೆದು ಆಕೆ ಕೆಲಸಕ್ಕೆ ಬಂದಾಗ ಅವನು ಮೇಜಿನ ಪಕ್ಕ ಹೋಗಿ ನಿಂತ.

"ಅಕ್ಕ, ಈಗ ಮನೆಯಿಂದ ಮಾಡ್ಬಹುದು. ಸರಿ ಮಾಡಿದೀನಿ. ಮೊದ್ಲೇ ಆಗ್ತಿತ್ತು. ನಾನು ಕೇಳ್ಲಿಲ್ಲ."

ಆಕೆ ಅವನ ಮುಖ ನೋಡಿದಳು. ಪರದೆಯ ಕಡೆ ತಿರುಗಿದಳು.

"ಮನೆ ಬೇಡ ಕಣೋ. ಇಲ್ಲೇ ಕೂರ್ತೀನಿ."

ಪರದೆಯ ಮೇಲೆ ಯಾರದೋ ಹೊಸ ಮನೆಯ ನಕ್ಷೆಯಿತ್ತು. ಮಲಗುವ ಕೋಣೆಯ ಬಾಗಿಲನ್ನು ಆಕೆ ಅಳಿಸಿದಳು. ಪಕ್ಕದ ಗೋಡೆಯನ್ನು ಒಂದು ಗೇಣು ಸರಿಸಿದಳು. ಒಂದು ಮಂಚ ಎಲ್ಲೂ ತಾಗದೆ ದಾಟುವಷ್ಟು ಅಗಲಕ್ಕೆ ಬಾಗಿಲನ್ನು ಮತ್ತೆ ಬರೆದಳು.