ಒಬ್ಬರೇ ಕೂತವರ ಪಕ್ಕ

ಅದು ಶುರುವಾದದ್ದು ಬೇಸಿಗೆ ಇನ್ನೇನು ಕಾಲ್ತೆಗೆಯುವ ದಿನಗಳಲ್ಲಿ, ಬೆಳಗಿನ ಹೊತ್ತು. ಬಿಸಿಲು ಗೇಟಿನ ಸರಳುಗಳ ನಡುವೆ ತೂರಿ ನೆಲಕ್ಕೆ ಪಟ್ಟೆ ಹಾಕಿತ್ತು. ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದ ಮಕ್ಕಳು ಚೀಲಗಳನ್ನೆಲ್ಲ ಹಾಸ್ಟೆಲಿನಲ್ಲಿಟ್ಟು, ಮುಖ ತೊಳೆದುಕೊಂಡು ಬಂದು ಗುಂಪಾಗಿ ನಿಂತಿದ್ದರು. ಅವರ ಎದುರಿಗೆ ಅಕ್ಕ ನಿಂತಿದ್ದಳು.

ಅಕ್ಕನ ಕೆಲಸದ ಹೆಸರು ದೊಡ್ಡದು, ಓರಿಯಂಟೇಷನ್ ಕೌನ್ಸೆಲರ್. ಬಿಡಿಸಿ ಹೇಳಿದರೆ ಹೊಸಬರಿಗೆ ದಾರಿ ತೋರಿಸುವುದು, ಯಾರಾದರೂ ಅತ್ತರೆ ಪಕ್ಕದಲ್ಲಿ ಕೂರುವುದು. ಗ್ರಂಥಾಲಯ ಎಲ್ಲಿ, ಜ್ವರ ಬಂದರೆ ಯಾವ ಬಾಗಿಲು ತಟ್ಟಬೇಕು ಎಂದು ಹೇಳುತ್ತ ಅವಳು ಹಿಂದುಹಿಂದಕ್ಕೆ ನಡೆಯುತ್ತಿದ್ದಳು. ಮುಖ ಮಕ್ಕಳ ಕಡೆ, ಬೆನ್ನು ದಾರಿಯ ಕಡೆ. ಎಲ್ಲಿ ಮೆಟ್ಟಿಲು, ಎಲ್ಲಿ ಚರಂಡಿಯ ಮುಚ್ಚಳ ಎನ್ನುವುದೆಲ್ಲ ಅವಳ ಹಿಮ್ಮಡಿಗೇ ಗೊತ್ತಿತ್ತು. ಹಾಗೆ ನಡೆದರೇನೇ ಯಾರ ಕಣ್ಣು ಕಟ್ಟಡ ನೋಡುತ್ತಿದೆ, ಯಾರ ಕತ್ತು ಮತ್ತೆ ಮತ್ತೆ ಗೇಟಿನ ಕಡೆ ತಿರುಗುತ್ತಿದೆ ಎಂದು ತಿಳಿಯುವುದು. ಮಕ್ಕಳು ಅವಳಿಗೆ ‘ರಿವರ್ಸ್ ಅಕ್ಕ’ ಎಂದು ಹೆಸರಿಟ್ಟಿದ್ದರು.

ಹೆಸರು ವರ್ಷದಿಂದ ವರ್ಷಕ್ಕೆ ಉಳಿದುಕೊಂಡು ಬಂದಿತ್ತು, ಮಕ್ಕಳು ಉಳಿಯುತ್ತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಗೆಳೆಯರು ಸಿಕ್ಕಮೇಲೆ ಎದುರಿಗೆ ಬಂದರೂ ತಲೆಯಾಡಿಸಿ ಹೊರಟುಹೋಗುವರು. ಹಾಗೆ ಹೋದರೇನೇ ಅಕ್ಕನ ಕೆಲಸ ಚೆನ್ನಾಗಿ ಆಯಿತೆಂದು ಲೆಕ್ಕ. ಅದು ಅವಳಿಗೂ ಗೊತ್ತಿತ್ತು. ಗೊತ್ತಿರುವುದು ಬೇರೆ, ದರ್ಜಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯ ಬೀಗ ತೆಗೆದು, ಚಪ್ಪಲಿ ಬಿಟ್ಟು, ಯಾರ ಕಿವಿಗೂ ಬೀಳದ ಹಾಗೆ ‘ಉಸ್ಸಪ್ಪಾ’ ಎಂದು ಕೂರುವುದು ಬೇರೆ.

ಆವತ್ತು ಊಟದ ಹಾಲಿನ ಬಾಗಿಲಲ್ಲಿ ಅವಳು ಪ್ರತಿ ವರ್ಷ ಹೇಳುವ ಮಾತನ್ನೇ ಹೇಳಿದಳು.

“ಇಲ್ಲಿ ಕೇಳಿ. ಊಟಕ್ಕೆ ಬಂದಾಗ ಸುಮ್ಮನೆ ಮೂಲೆ ಹಿಡೀಬೇಡಿ. ಸುತ್ತ ನೋಡಿ, ಒಬ್ಬರೇ ಕೂತಿರೋರು ಇದ್ದೇ ಇರ್ತಾರೆ. ಹೋಗಿ ಅವರ ಪಕ್ಕ ಕೂತ್ಕೊಳ್ಳಿ. ಏನು ಮಾತಾಡೋದು ಅಂತ ತಲೆ ಕೆಡಿಸ್ಕೋಬೇಡಿ. ಉಪ್ಪು ಕೊಡಿ ಅಂದ್ರೂ ಸಾಕು.”

ಮಾರನೆಯ ದಿನ ಮಧ್ಯಾಹ್ನ ಅಕ್ಕ ಕಿಟಕಿ ಪಕ್ಕದ ಮೇಜಿನಲ್ಲಿ ಊಟಕ್ಕೆ ಕೂತಿದ್ದಳು. ಒಬ್ಬ ಹುಡುಗಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು ಇಡೀ ಹಾಲನ್ನು ಕಣ್ಣಲ್ಲೇ ಗುಡಿಸಿ, ನೆಟ್ಟಗೆ ಬಂದು ಪಕ್ಕದಲ್ಲಿ ಕೂತಳು.

“ಉಪ್ಪು ಕೊಡ್ತೀರಾ ಅಕ್ಕ?”

“ನಿನ್ನ ಕೈ ಹತ್ರಾನೇ ಇದೆಯಲ್ಲೇ ಪುಟ್ಟಿ.”

“ಗೊತ್ತು,” ಎಂದು ಹುಡುಗಿ ಉಣ್ಣತೊಡಗಿದಳು.

ಅವಳು ಗಡಿಯಾರ ರಿಪೇರಿಯವನ ಮಗಳು. ನಿನ್ನೆ ಗುಂಪಿನಲ್ಲಿ ಕತ್ತು ತಿರುಗಿಸಿ ತಿರುಗಿಸಿ ಗೇಟು ನೋಡಿದವಳು ಇವಳೇ ಎಂದು ಅಕ್ಕನಿಗೆ ಗುರುತು ಸಿಕ್ಕಿತು. ಮನೆ ನೆನಪು, ಪಾಪ, ನಾಲ್ಕು ದಿನ ಬಂದು ಹೋಗಲಿ ಎಂದುಕೊಂಡಳು. ನಾಲ್ಕು ದಿನವಾಯಿತು, ಮಳೆ ಹಿಡಿಯಿತು, ಬಿಟ್ಟಿತು, ಹುಡುಗಿ ಬರುವುದು ಬಿಡಲಿಲ್ಲ.

“ಏನ್ ಮೇಡಂ, ನಿಮಗೊಂದು ಬಾಲ ಹುಟ್ಕೊಂಡಿದೆ,” ಎಂದು ಆಫೀಸಿನ ಅಟೆಂಡರ್ ಛೇಡಿಸಿದ.

“ಇರ್ಲಿ ಬಿಡಪ್ಪ, ನೊಣ ಓಡಿಸೋಕಾದ್ರೂ ಆಗುತ್ತೆ.”

ಬಾಲವೇನೂ ಹೆಚ್ಚು ಮಾತಾಡುತ್ತಿರಲಿಲ್ಲ. ಆಡಿದರೆ ಅಪ್ಪನ ಅಂಗಡಿಯ ಮಾತೇ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಅವಳು ಮೊದಲ ಸಲ ವಾಚಿನ ಹೊಟ್ಟೆಯೊಳಗೆ ನೋಡಿದಾಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲವಂತೆ. ಸತ್ತುಹೋದ ವಾಚು ಕೈಯೊಳಗೆ ಮತ್ತೆ ಟಿಕ್ ಎಂದಾಗ ಮೈ ಜುಮ್ಮೆನ್ನುತ್ತದಂತೆ. ಅದನ್ನು ಹೇಳುವಾಗ ಮಾತ್ರ ಅವಳ ಕೈಗಳು ಮೇಜಿನ ಮೇಲೆ ತಾವಾಗಿಯೇ ಏನನ್ನೋ ಬಿಚ್ಚಿ ಜೋಡಿಸುತ್ತಿದ್ದವು.

“ಮತ್ತೆ ಇಲ್ಲಿ ಪಾಠ?” ಎಂದು ಅಕ್ಕ ಕೇಳಿದ್ದಳು.

“ತಲೆಗೆ ಹತ್ತುತ್ತೆ ಅಕ್ಕ. ಮನಸ್ಸಿಗೆ ಹತ್ತಲ್ಲ.”

ಎಲ್ಲರೂ ಹೀಗೇ ಅನ್ನುತ್ತಾರೆ, ಮೊದಲ ವರ್ಷ ಅಲ್ಲವೇ ಎಂದು ಅಕ್ಕ ಅದನ್ನು ಹಿಡಿದು ಎಳೆಯಲಿಲ್ಲ. ನಿಜ ಹೇಳಬೇಕೆಂದರೆ ಎಳೆಯುವ ಮನಸ್ಸಾಗಲಿಲ್ಲ. ಊಟದ ಹೊತ್ತಿಗೆ ಮುಂಚೆ ಅವಳು ಈಗೀಗ ಕನ್ನಡಿ ನೋಡಿಕೊಂಡು ತಲೆ ನೇವರಿಸಿಕೊಳ್ಳುತ್ತಿದ್ದಳು. ದಾರಿಯಲ್ಲಿ ಕಂಡ ತಮಾಷೆಯನ್ನು ‘ಇದು ಪುಟ್ಟಿಗೆ ಹೇಳಬೇಕು’ ಎಂದು ಎತ್ತಿಟ್ಟುಕೊಳ್ಳುತ್ತಿದ್ದಳು. ಭಾನುವಾರ ಊಟದ ಹಾಲಿಗೆ ರಜ. ಆ ದಿನ ಕೆಳಗಿನ ಹೊಲಿಗೆ ಯಂತ್ರವೂ ಸುಮ್ಮನಿರುತ್ತಿತ್ತು, ಹೊತ್ತು ಎಂಬುದು ಬೇರೂರಿ ಕೂತುಬಿಡುತ್ತಿತ್ತು.

ಡೀನ್ ಸಾಹೇಬರೂ ಖುಷಿಯಾಗಿದ್ದರು. “ಈ ವರ್ಷ ಒಬ್ಬರೂ ಬಿಟ್ಟು ಹೋಗಿಲ್ಲ ನೋಡ್ರೀ. ನಿಮ್ಮ ಕೈಗುಣ.”

ಚಳಿ ಹಿಡಿದ ಮೇಲೆ, ರಜೆಗೆ ಹೋದ ಮಕ್ಕಳು ವಾಪಸಾದ ವಾರದಲ್ಲಿ, ಅಕ್ಕನ ಮೇಜಿನ ಫೋನು ರಿಂಗಾಯಿತು. ಗಡಿಯಾರ ರಿಪೇರಿಯವನು.

“ಮೇಡಂ, ಒಂದು ಮಾತು ಕೇಳಬೇಕಿತ್ತು. ತಪ್ಪು ತಿಳ್ಕೋಬೇಡಿ. ರಜೆಗೆ ಬಂದೋಳು ಅಂಗಡಿ ಬಿಟ್ಟು ಕದಲಲಿಲ್ಲ. ಇದೇ ಬೇಕು ಅಂದ್ರೆ ಇದನ್ನೇ ಮಾಡಮ್ಮ, ನನ್ನ ಕಣ್ಣೂ ಮಂಜಾಗ್ತಿದೆ ಅಂದೆ. ಒಂದು ಸಲ ಮುಖ ಅರಳ್ತು ಮೇಡಂ. ಆಮೇಲೆ ಆಗಲ್ಲ ಅಪ್ಪ ಅಂದ್ಲು. ಅಲ್ಲಿ ಒಬ್ಬರು ನನ್ನ ನೆಚ್ಚಿಕೊಂಡಿದಾರೆ, ಬಿಟ್ಟು ಬಂದ್ರೆ ಚೆನ್ನಾಗಿರಲ್ಲ ಅಂತಾಳೆ.” ಆತ ಗಂಟಲು ಸರಿಮಾಡಿಕೊಂಡ. “ಯಾರಾದ್ರೂ ಹುಡುಗನಾ ಮೇಡಂ?”

ಅಕ್ಕನಿಗೆ ನಗು ಬಂತು. “ಹಾಗೇನೂ ನನ್ನ ಕಣ್ಣಿಗೆ ಬಿದ್ದಿಲ್ಲ. ವಿಚಾರಿಸ್ತೀನಿ ಬಿಡಿ,” ಎಂದಳು.

ಊಟದ ಹೊತ್ತಿಗೆ ಆ ನಗುವನ್ನು ಮುಖದಲ್ಲೇ ಇಟ್ಟುಕೊಂಡು ಹೋದಳು.

“ಯಾರೇ ಅದು, ನಿನ್ನ ನೆಚ್ಚಿಕೊಂಡಿರೋ ಮಹಾನುಭಾವ? ನಿಮ್ಮಪ್ಪ ಹೆದರಿಬಿಟ್ಟಿದಾರೆ.”

ಹುಡುಗಿ ತುತ್ತು ನುಂಗಿದಳು. ಕಿವಿ ಕೆಂಪಾಯಿತು. ನೀರು ಕುಡಿದಳು.

“ನೀವೇ ಅಕ್ಕ.”

“ನಾನಾ?”

“ನೀವೇ ಹೇಳಿದ್ರಲ್ಲ, ಒಬ್ಬರೇ ಕೂತಿರೋರ ಪಕ್ಕ ಕೂತ್ಕೊಳ್ಳಿ ಅಂತ. ನಾನು ಆವತ್ತು ಇಡೀ ಹಾಲ್ ನೋಡಿದೆ. ಎಲ್ಲಾರೂ ಇಬ್ಬಿಬ್ಬರು, ಮೂರ್ಮೂರು ಜನ. ನೀವೊಬ್ಬರೇ ಕೂತಿದ್ರಿ.” ಅವಳು ತಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿದಳು. “ಆಮೇಲೆ ನಾನು ಬರೋದು ಸ್ವಲ್ಪ ತಡ ಆದ್ರೂ ನೀವು ಬಾಗಿಲ ಕಡೆ ನೋಡ್ತಾ ಇರ್ತೀರ. ಊಟ ಮುಟ್ಟಿರಲ್ಲ. ನಾನು ಹೋಗಿಬಿಟ್ರೆ ನೀವೇನ್ ಮಾಡ್ತೀರ ಅನ್ಸುತ್ತೆ.”

ಅಕ್ಕ ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟಳು, ಮತ್ತೆ ತೆಗೆದುಕೊಂಡಳು. ಎಷ್ಟೋ ವರ್ಷ ಎಷ್ಟೋ ಮಕ್ಕಳ ಮುಖ ಓದಿದವಳು, ಈ ಒಂದು ಮುಖವನ್ನು ತಲೆಕೆಳಗಾಗಿ ಹಿಡಿದು ಓದಿದ್ದಳು. ಇವಳನ್ನು ತಾನು ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡರೆ, ಇವಳೇ ತನ್ನನ್ನು ನೋಡಿಕೊಳ್ಳುತ್ತಿದ್ದಳು. ಅದೂ ತನ್ನ ಇಷ್ಟದ ಬಾಳನ್ನು ಅಪ್ಪನ ಅಂಗಡಿಯಲ್ಲೇ ಬಿಟ್ಟು ಬಂದು.

‘ನನ್ನ ಚಿಂತೆ ಬಿಡು, ಹೋಗು’ ಎಂದರೆ ಈ ಹುಡುಗಿ ಹೋಗುವವಳಲ್ಲ. ಚಿಂತೆ ಮಾಡಬೇಡ ಎಂದವರ ಚಿಂತೆಯನ್ನೇ ಜಾಸ್ತಿ ಮಾಡುವ ಜಾತಿ ಅದು. ಅಕ್ಕ ಒಂದು ಸಲ ತಲೆಯಾಡಿಸುವುದನ್ನೇ ಹುಡುಗಿ ಕಾಯುತ್ತಿದ್ದಳು, ಇರು ಎಂದೋ ಹೋಗು ಎಂದೋ. ಇರು ಎಂದರೆ ಇರುತ್ತಿದ್ದಳು. ಅದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು, ಮತ್ತು ಆ ಒಂದು ಗಳಿಗೆ ‘ಇರು’ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

“ನೋಡು, ಹೇಳೋದೇ ಮರೆತಿದ್ದೆ,” ಎಂದಳು. “ನನ್ನ ತಂಗಿ ಬರ್ತಿದಾಳೆ.”

“ನಿಮಗೆ ತಂಗಿ ಇದಾರಾ? ಹೇಳೇ ಇಲ್ಲ.”

“ನೀನು ಕೇಳ್ಲಿಲ್ಲ. ಇನ್ಮೇಲೆ ನನ್ನ ಜೊತೇನೇ ಇರ್ತಾಳೆ.”

“ಊಟಕ್ಕೆ ಇಲ್ಲಿಗೇ ಬರ್ತಾರಾ?”

“ಬರದೇ ಎಲ್ಲಿ ಹೋಗ್ತಾಳೆ? ಒಲೆ ಹಚ್ಚೋಕೂ ಬರಲ್ಲ ಅವಳಿಗೆ. ಬಾಯಿ ಮಾತ್ರ ಬೇಕಾದಷ್ಟಿದೆ, ಒಂದು ನಿಮಿಷ ಮುಚ್ಚಲ್ಲ. ನೀನು ಪಕ್ಕ ಕೂತ್ರೆ ನಿನಗೆ ಒಂದಕ್ಷರ ಆಡೋಕೆ ಬಿಡಲ್ಲ.”

ಅಕ್ಕ ತನ್ನ ಹೆತ್ತವರಿಗೆ ಒಬ್ಬಳೇ ಮಗಳು. ಆದರೂ ಆ ತಂಗಿ ಮಾತು ಮಾತಿಗೂ ಮೈತುಂಬಿಕೊಂಡು ಮೇಜಿನ ಆಚೆ ಬಂದು ಕೂತಹಾಗಿತ್ತು. ಹುಡುಗಿ ನಕ್ಕಳು. ಭುಜ ಇಳಿಯಿತು, ಎಷ್ಟೋ ದಿನದಿಂದ ಹೊತ್ತದ್ದನ್ನು ಇಳಿಸಿದವರ ಹಾಗೆ.

“ಹಾಗಾದ್ರೆ ನಾನು...”

“ಅಪ್ಪನಿಗೆ ಫೋನ್ ಮಾಡು ಹೋಗು. ಹುಡುಗ ಅಲ್ಲ ಅಂತ ಮೊದಲು ಹೇಳು, ಆ ಮನುಷ್ಯನಿಗೆ ನಿದ್ದೆ ಬರ್ಲಿ.”

ಸಂಜೆ ಅಕ್ಕ ತಾನಾಗಿಯೇ ಡೀನ್ ಸಾಹೇಬರ ಕೋಣೆಗೆ ಹೋದಳು.

“ಒಬ್ಬಳು ಬಿಟ್ಟು ಹೋಗ್ತಿದಾಳೆ ಸರ್.”

“ಯಾಕ್ರೀ? ಉಳಿಸ್ಕೊಳ್ಳೋದು ನಿಮ್ಮ ಕೆಲಸ ಅಲ್ವಾ?”

“ಉಳಿಸ್ಕೊಂಡಿದ್ದೆ ಸರ್. ಅದೇ ತಪ್ಪಾಗಿತ್ತು.”

ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಕರೆದುಕೊಂಡು ಹೋಗಲು ಗಡಿಯಾರ ರಿಪೇರಿಯವನೇ ಬಂದ. ಕುಳ್ಳಗಿನ ಮನುಷ್ಯ, ಒಂದು ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ. ಮಗಳ ಚೀಲ ಹೆಗಲಿಗೇರಿಸಿ, “ನಮ್ಮ ಹುಡುಗಿಗೆ ದಿಕ್ಕಾಗಿದ್ರಿ ಮೇಡಂ,” ಎಂದು ಕೈ ಮುಗಿದ. ಹುಡುಗಿ ಅಕ್ಕನ ಹಿಂದೆ, ಅಕ್ಕಪಕ್ಕ ಇಣುಕಿದಳು.

“ತಂಗಿ ಬರ್ಲಿಲ್ವಾ?”

“ನಾಳೆ ಬಸ್ಸಿಗೆ ಬರ್ತಾಳೆ.”

“ನಾನು ಕೇಳ್ದೆ ಅಂತ ಹೇಳಿ ಅಕ್ಕ.”

“ಹೇಳ್ತೀನಿ.”

ಗಡಿಯಾರ ರಿಪೇರಿಯವನ ಮಗಳು ಹೊರಟದ್ದು ಗುರುವಾರ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ. ಆವತ್ತು ಕಿಟಕಿ ಪಕ್ಕದ ಮೇಜಿನಲ್ಲಿ ಅಕ್ಕ ಒಬ್ಬಳೇ ಉಂಡಳು.