ಹೂವಿನಮ್ಮ ಸಿಂಗರಿಸಿದ ಮೇಜು

ಬೀದಿಯವರೆಲ್ಲ ಅವಳನ್ನು ಹೂವಿನಮ್ಮ ಎಂದೇ ಕರೆಯುತ್ತಿದ್ದರು. ಅವಳ ಅಂಗಡಿಯನ್ನು ಜಾಲಾಡಿದರೂ ಒಂದು ನಿಜವಾದ ಹೂವು ಸಿಕ್ಕುತ್ತಿರಲಿಲ್ಲ, ಆ ಮಾತು ಬೇರೆ. ಹೋಟೆಲಿನ ಪಾರ್ಟಿಗಳಿಗೆ, ಮದುವೆ ಹಾಲ್‌ಗಳಿಗೆ ಊಟದ ಮೇಜು ಸಿಂಗರಿಸಿ ಕೊಡುವುದು ಅವಳ ಕಸುಬು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ದೀಪದ ಶಾಖಕ್ಕೆ ಹಿಡಿದು ಎಸಳು ಬಾಗಿಸಿ, ತೆಳು ತಂತಿಗೆ ಸುತ್ತಿ ಅವಳು ಮಾಡಿದ ಬಿಳಿ ಹೂವಿನ ಮೇಲೆ ಒಮ್ಮೆ ಜೇನುಹುಳ ಬಂದು ಕೂತಿತ್ತು ಎಂದು ಅವಳ ಗಂಡ ಹೇಳಿಕೊಂಡು ತಿರುಗುತ್ತಿದ್ದ. ಅಂಗಡಿಯ ವ್ಯಾನ್ ಓಡಿಸುವವನು ಅವನೇ. ದಾರಿಯುದ್ದಕ್ಕೂ ಬಾಯಿಗೆ ಏನಾದರೂ ಕೆಲಸ ಬೇಕಲ್ಲ.

ಅಂಥವಳು ದೊಡ್ಡ ರಜೆಯ ಹಿಂದಿನ ದಿನ ತನ್ನದೇ ಮನೆಯ ಊಟದ ಮೇಜಿನ ಸುತ್ತ ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಿದ್ದಳು. ಮರುದಿನ ಮಧ್ಯಾಹ್ನ ಊಟಕ್ಕೆ ಬರುವವರು ಗೊಬ್ಬರದ ಮೇಡಂ. ಊರಿನ ಹಸಿ ಕಸವನ್ನೆಲ್ಲ ಗೊಬ್ಬರ ಮಾಡುವ ಜಾಗದ ಮೇಲ್ವಿಚಾರಕಿ ಅವರು, ಮನೆಯೂ ಅದರ ಪಕ್ಕದಲ್ಲೇ. ಅವರ ಮಗನನ್ನು ಹೂವಿನಮ್ಮನ ಮಗಳು ಒಪ್ಪಿಯಾಗಿತ್ತು, ಅವನೂ ಇವಳನ್ನು ಒಪ್ಪಿಯಾಗಿತ್ತು. ಒಪ್ಪಬೇಕಾದವರು ಮೇಡಂ ಒಬ್ಬರೇ. "ಮೊದಲು ಅವರ ಮನೇಲಿ ಕೂತು ಊಟ ಮಾಡ್ತೀನಿ, ಆಮೇಲೆ ಮಾತು" ಎಂದಿದ್ದರಂತೆ. ಆ 'ಆಮೇಲೆ' ಹೂವಿನಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಮಗಳು ಆಸ್ಪತ್ರೆಯಲ್ಲಿ ನರ್ಸ್. ಆ ಬೆಳಗ್ಗೆ, ಹಗಲು ರಾತ್ರಿ ಸೇರಿದ ಜೋಡಿ ಪಾಳಿಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಹೇಳಿದ್ದಳು: "ಅಮ್ಮಾ, ಮೇಜಿನ ಮೇಲೆ ಒಂದೇ ಒಂದು ಪ್ಲಾಸ್ಟಿಕ್ ಎಸಳೂ ಕಾಣಬಾರದು. ತಂತಿನೂ ಬೇಡ, ಮಿಂಚಿನ ಕಾಗದಾನೂ ಬೇಡ. ಅವರು ದಿನಾ ಗೊಬ್ಬರದಿಂದ ಅದನ್ನೇ ಹೆಕ್ಕಿ ಹೆಕ್ಕಿ ಬೇಸತ್ತುಹೋಗಿದ್ದಾರೆ."

"ಅದೆಲ್ಲಾ ನಂದೇ ಅಂತ ಏನು ಗ್ಯಾರಂಟಿ?"

"ನಿಂದು ಅಂತ ನಾನೆಲ್ಲಿ ಅಂದೆ?" ಎಂದು ನಕ್ಕು ಮಗಳು ಮೆಟ್ಟಿಲಿಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಹೂವಿನಮ್ಮನ ಪಾಡು.

ಆದರೆ ಕೆಲಸಕ್ಕೆ ಇಳಿದ ಮೇಲೆ ಅವಳನ್ನು ಮೀರಿಸುವವರುಂಟೇ? ಹಳೆಯ ಹತ್ತಿ ಹಾಸು ಒಗೆದು ಇಸ್ತ್ರಿ ಮಾಡಿ ಮೇಜಿಗೆ ಹೊದಿಸಿದಳು. ಪಾರ್ಕಿನಲ್ಲಿ ಬಿದ್ದಿದ್ದ ಒಣ ಕಡ್ಡಿ, ಬೀಜದ ಕಾಯಿಗಳನ್ನು ಸೆರಗು ತುಂಬ ಆರಿಸಿ ತಂದಳು. ಕಿತ್ತಳೆ ಸಿಪ್ಪೆಯನ್ನು ಬಟ್ಟಲಿನ ಹಾಗೆ ಬಿಡಿಸಿ ಎಣ್ಣೆದೀಪಕ್ಕೆ ಸಿದ್ಧ ಮಾಡಿದಳು. ಪಕ್ಕದ ಮನೆಯ ಟೈಲರನನ್ನು ಕೇಳಿ ಅವನ ಬೇಲಿಯ ಹಳದಿ ಹೂವನ್ನೆಲ್ಲ ಎಲೆಗಳ ಸಮೇತ ಕಿತ್ತಳು. ಕೈ ಎರಡು ಸಲ ತಾನಾಗಿ ತಂತಿಯ ಸುರುಳಿಯ ಕಡೆ ಹೋಯಿತು. ಎರಡು ಸಲವೂ ಆ ಕೈಗೆ ಈ ಕೈಯಿಂದ ಒಂದು ಏಟು ಕೊಟ್ಟು, ಹತ್ತಿ ದಾರದಲ್ಲೇ ಕಟ್ಟಿದಳು. ಮೇಜಿನ ಉದ್ದಕ್ಕೂ ಹೂವಿನ ಸಾಲು ಮಲಗಿಸಿ ದೂರ ನಿಂತು ನೋಡಿದಾಗ, ಇಂಥ ಮೇಜನ್ನು ತಾನು ಯಾವ ಹೋಟೆಲಿಗೂ ಮಾಡಿಕೊಟ್ಟಿಲ್ಲ ಎನಿಸಿ ಹೆಮ್ಮೆಯಾಯಿತು. ಅವಳ ಕಸುಬಿನಲ್ಲಿ ಮೇಜು ಯಾವಾಗಲೂ ಹಿಂದಿನ ಸಂಜೆಯೇ ಸಿದ್ಧವಾಗಬೇಕು. ಸಿದ್ಧವಾಯಿತು. ಬಟ್ಟೆ ಮುಚ್ಚಿ ಮಲಗಿದಳು.

ಬೆಳಗ್ಗೆ ಎದ್ದು ಬಟ್ಟೆ ತೆಗೆದವಳು ಹಾಗೇ ನಿಂತುಬಿಟ್ಟಳು. ಹಳದಿ ಹೂವೆಲ್ಲ ಮುದುಡಿ ಕಂದುಬಣ್ಣಕ್ಕೆ ತಿರುಗಿತ್ತು. ಎಲೆಗಳು ಸೋತು ಮೇಜಿನ ಅಂಚಿನಿಂದ ಜೋತುಬಿದ್ದಿದ್ದವು.

ಹಿಂದಿನಿಂದ ಗಂಡ ಬಗ್ಗಿ ನೋಡಿದ. "ನೀರು ಗೀರು ಇಟ್ಟಿದ್ದೆಯೇನೇ?"

"ನೀರಾ?" ಎಂದಳು ಹೂವಿನಮ್ಮ.

ಹೂವು ಬಾಡುತ್ತದೆ ಎಂಬುದು ಹಸುಗೂಸಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಆದರೆ ಜನ್ಮವಿಡೀ ಪ್ಲಾಸ್ಟಿಕ್ಕಿನ ಜೊತೆ ಬಾಳಿದ ಕೈಗೆ ಅದು ಮರೆತೇ ಹೋಗಿತ್ತು. ಸಂಜೆ ಇಟ್ಟ ಹೂವು ಬೆಳಗ್ಗೆ ಇಟ್ಟ ಹಾಗೇ ಇರುತ್ತದೆ ಎಂಬುದು ಆ ಕೈಯ ನಂಬಿಕೆ.

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ಸುಮ್ನೆ ಹೇಳಿದ್ದಾರಾ?" ಎಂದು ಗಂಡ ನಗಲು ಹೊರಟವನು ಅವಳ ಮುಖ ನೋಡಿ ಅರ್ಧಕ್ಕೇ ನುಂಗಿಕೊಂಡ. ಅವಳ ಕಣ್ಣು ತುಂಬಿತ್ತು. "ನಗ್ತೀರಾ? ಮಗಳ ಬಾಳು ಈ ಮೇಜಿನ ಮೇಲಿದೆ ಕಣ್ರೀ!"

ಆಮೇಲೆ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಟೈಲರನ ಬೇಲಿಗೆ ಓಡಿದಳು. ಅಲ್ಲಿ ಒಂದು ಮೊಗ್ಗೂ ಉಳಿದಿರಲಿಲ್ಲ, ಬೋಳಿಸಿದ್ದವಳು ಅವಳೇ ತಾನೆ. ಮಾರ್ಕೆಟ್ಟಿಗೆ ಓಡಿದಳು. ರಜೆಯೆಂದು ಹೂವಿನಂಗಡಿಗಳೆಲ್ಲ ಬಾಗಿಲು ಎಳೆದಿದ್ದವು. ಮನೆಗೆ ಬಂದು ಸಾರಿಸಿದ ನೆಲವನ್ನೇ ಮತ್ತೆ ಸಾರಿಸಿದಳು, ಹಾಸನ್ನು ತಿರುಗಿಸಿ ಹಾಸಿದಳು, ತಟ್ಟೆಗಳನ್ನು ಎತ್ತಿಟ್ಟು ಮತ್ತೆ ಜೋಡಿಸಿದಳು. ಒಲೆಯ ಮೇಲೆ ಆಲೂಗಡ್ಡೆಯ ಕುಕ್ಕರ್ ಕೂಗಿ ಕರೆಯುತ್ತಿದ್ದರೂ ಕಿವಿಗೆ ಬೀಳಲಿಲ್ಲ. ಬಾಡಿದ್ದನ್ನೆಲ್ಲ ಬಾಚಿ ಅಡುಗೆಮನೆಯ ಬಾಗಿಲ ಹಿಂದಿನ ಬುಟ್ಟಿಗೆ ಹಾಕಿದಳು. ಹೂವಿಲ್ಲದ ಮೇಜು ತನ್ನನ್ನೇ ಅಣಕಿಸುತ್ತಿದೆ ಎನಿಸಿತು. ಹೂವಿನಮ್ಮನ ಮನೆಯ ಮೇಜು ಬೋಳು ಎಂದು ಬಂದವರು ಆಡಿಕೊಂಡರೆ?

ಕೊನೆಗೆ ಕೆಳಗಿನ ಅಂಗಡಿಯ ಬೀಗ ತೆಗೆದಳು. ಕಪಾಟಿನ ಮೇಲಿನ ಖಾನೆಯಲ್ಲಿದ್ದ ಬಿಳಿ ಹೂವಿನ ಗೊಂಚಲು, ಅವಳ ಕೈಯ ಅತಿ ಒಳ್ಳೆಯ ಕೆಲಸ. ತಂದು, ಒಣ ಕಡ್ಡಿಗಳ ನಡುವೆ ಸೇರಿಸಿ, ಮೇಲೆ ನೀರು ಚಿಮುಕಿಸಿದಳು. ಹನಿಗಳು ಎಸಳಿನ ಮೇಲೆ ನಿಂತವು. ದೇವರಾಣೆಗೂ ಗೊತ್ತಾಗುವಂತಿರಲಿಲ್ಲ.

"ಬೇಡ ಕಣೇ" ಎಂದ ಗಂಡ.

"ನೀವು ಸುಮ್ನಿರಿ. ಅವರೇನು ಮೂಸಿ ನೋಡ್ತಾರಾ?"

ಆದರೂ ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅನ್ನುತ್ತಾರಲ್ಲ, ಹಾಗೆ ಕಿಟಕಿಗೂ ಮೇಜಿಗೂ ಓಡಾಡುತ್ತಲೇ ಇದ್ದಳು.

ಮಧ್ಯಾಹ್ನ, ಪಾಳಿ ಮುಗಿಸಿದ ಮಗಳ ಜೊತೆ ಮೇಡಂ ಬಂದರು. ಗಟ್ಟಿ ಮೈಕಟ್ಟು, ಮೋಟು ಕೂದಲು. ಎಷ್ಟು ತೊಳೆದರೂ ಹೋಗದ ಮಣ್ಣು ಬೆರಳಿನ ಗೆರೆಗಳಲ್ಲಿ ಉಳಿದಿತ್ತು. ಕೈಯಲ್ಲೊಂದು ಮುಚ್ಚಳದ ಸ್ಟೀಲ್ ಬಕೆಟ್. ಮಗನನ್ನು ಕರೆತಂದಿರಲಿಲ್ಲ, ಮಾತು ಮುಗಿಯುವವರೆಗೆ ಬರಬೇಡ ಎಂದು ತಡೆದಿದ್ದರಂತೆ. ಬಕೆಟ್ಟನ್ನು ಗೋಡೆಯ ಪಕ್ಕ ಇಟ್ಟು, ಮೇಜಿನ ಮೇಲೆ ಬಗ್ಗಿ ಒಂದು ಗಳಿಗೆ ನೋಡಿದರು.

"ಚೆನ್ನಾಗಿದೆ" ಎಂದು ಕೂತರು. ಅಷ್ಟೇ.

ಊಟದುದ್ದಕ್ಕೂ ಹೂವಿನಮ್ಮ ಕೂತಲ್ಲಿ ಕೂರಲಿಲ್ಲ. ಉಪ್ಪು ತಂದಳು, ಇದ್ದ ಉಪ್ಪಿನ ಪಕ್ಕದಲ್ಲೇ ಇಟ್ಟಳು. ಮೇಡಂ ಮಾತ್ರ ನಿಧಾನವಾಗಿ ಉಂಡರು, ಎರಡು ಸಲ ಬಡಿಸಿಕೊಂಡರು, ಗಂಡನ ಜೇನುಹುಳದ ಕಥೆಗೆ ನಕ್ಕರು. ಮಗಳು ಖುಷಿಯಿಂದ ಅಮ್ಮನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಆ ನೋಟ ಹೂವಿನಮ್ಮನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಕೈ ತೊಳೆದು ಬಂದ ಮೇಡಂ ಬಕೆಟ್ಟಿನ ಮುಚ್ಚಳ ತೆಗೆದರು. "ನಂದೊಂದು ಅಭ್ಯಾಸ. ಯಾರ ಮನೇಲಿ ಊಟ ಮಾಡಿದ್ರೂ ಆ ಮನೆ ಸಿಪ್ಪೆ, ಸೊಪ್ಪು, ಹೂವು ಎಲ್ಲಾ ನಾನೇ ತಗೊಂಡು ಹೋಗ್ತೀನಿ. ಮಣ್ಣಾದ ಮೇಲೆ ಅವರಿಗೇ ಒಂದು ಕುಂಡ ತುಂಬಿಸಿ ತಂದುಕೊಡ್ತೀನಿ." ಕಿತ್ತಳೆ ಸಿಪ್ಪೆಯ ದೀಪಗಳನ್ನು ಆರಿಸಿ, ತಣ್ಣಗಾದ ಮೇಲೆ ಒಂದೊಂದಾಗಿ ಬಕೆಟ್ಟಿಗೆ ಹಾಕಿದರು. ಒಣ ಕಡ್ಡಿಗಳನ್ನು ಮುರಿದು ಹಾಕಿದರು. ಆಮೇಲೆ ಅವರ ಕೈ ಬಿಳಿ ಹೂವಿನ ಕಡೆ ಹೋಯಿತು.

ಹೂವಿನಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಸುಮ್ಮನಿದ್ದರೆ ಮದುವೆ ಗಟ್ಟಿಯಾದೀತು. ಆದರೆ ಆ ಗೊಂಚಲು ಹೋಗಿ ಇವರ ರಾಶಿಯಲ್ಲಿ ಕೊಳೆಯದೆ ಕೂರುತ್ತದೆ, ತನ್ನ ಮಗಳು ಆ ರಾಶಿಯ ಪಕ್ಕದ ಮನೆಯಲ್ಲೇ ಬಾಳುತ್ತಾಳೆ.

"ಅದನ್ನ ಹಾಕ್ಬೇಡಿ!" ಎಂದು ಕೂಗಿಯೇಬಿಟ್ಟಳು. "ಅದು ನಿಜವಾದ್ದಲ್ಲ. ಪ್ಲಾಸ್ಟಿಕ್ಕು. ನಾನೇ ಮಾಡಿದ್ದು."

"ಅಮ್ಮಾ!" ಎಂದಳು ಮಗಳು.

"ನಿಜವಾದ್ದೇ ಇಟ್ಟಿದ್ದೆ, ರಾತ್ರಿ ಬಾಡಿಹೋಯ್ತು. ನೀರು ಇಡಬೇಕು ಅಂತಾನೇ ಹೊಳೀಲಿಲ್ಲ ನನ್ನ ತಲೆಗೆ. ಬಾಡಿದ ಮೇಜಿಗೆ ನಿಮ್ಮನ್ನ ಹೇಗೆ ಕೂರಿಸ್ಲಿ ಅಂತ ಭಯವಾಯ್ತು. ತಪ್ಪು ನಂದು ಮೇಡಂ, ನನ್ನ ಮಗಳಿಗೆ ಇದೇನೂ ಗೊತ್ತಿಲ್ಲ. ಅವಳ ಮೇಲೆ ಹಾಕ್ಬೇಡಿ."

ಮೇಡಂ ಗೊಂಚಲನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಬುಡದಲ್ಲಿ ತಂತಿ ಎರಡು ಸುತ್ತು, ಮೂರನೇದು ಅಡ್ಡ. ವರ್ಷಗಟ್ಟಲೆ ನಮ್ಮ ರಾಶಿಯಿಂದ ಇದೇ ಕಟ್ಟಿನ ಹೂವನ್ನ ಹೆಕ್ಕಿದ್ದೀನಿ. ಹೆಕ್ಕಿ ಹೆಕ್ಕಿ, ಮಾಡಿದವರಿಗೆ ಶಾಪ ಹಾಕಿದ್ದೀನಿ. ಕೂರೋವಾಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಊಟ ಮಾಡಿದ್ರಾ?" ಎಂದ ಗಂಡ.

"ಅನ್ನದ ಮೇಲೆ ಯಾಕೆ ಕೋಪ? ನನ್ನ ಬಕೆಟ್ಟಿಗೆ ಇದು ಬೀಳೋದನ್ನ ನೋಡ್ಕೊಂಡು ಸುಮ್ನಿರ್ತಾರೋ ಇಲ್ವೋ, ಅಷ್ಟೇ ನೋಡ್ಬೇಕಿತ್ತು." ಗೊಂಚಲನ್ನು ಹೂವಿನಮ್ಮನ ಕೈಗೆ ಕೊಟ್ಟರು. "ಆ ಬಾಡಿದ್ದೆಲ್ಲಿ?"

ಹೂವಿನಮ್ಮ ನಾಚಿಕೆಯಿಂದ ಬುಟ್ಟಿ ತಂದಿಟ್ಟಳು. ಮೇಡಂ ಕೈತುಂಬ ಎತ್ತಿ, ಮೂಗಿನ ಹತ್ತಿರ ಹಿಡಿದು, ಮೊದಲ ಸಲ ಮುಖವರಳಿಸಿ ನಕ್ಕರು.

"ಇಷ್ಟು ಒಳ್ಳೇದನ್ನ ಬಾಗಿಲ ಹಿಂದೆ ಇಟ್ಟಿದ್ದೀರಲ್ಲ ತಾಯೀ! ನನ್ನ ಕೆಲಸಾನೇ ಬಾಡಿದ್ದರದ್ದು. ನಿಮ್ಮ ಅಂಗಡಿ ಮುಚ್ಚಿ ಅಂತ ನಾನು ಹೇಳಲ್ಲ. ಆದ್ರೆ ಪಾರ್ಟಿ ಮುಗಿದ ಮೇಲೆ ನೀವೇ ಹೋಗಿ ಒಂದೊಂದು ಹೂವನ್ನೂ ವಾಪಸ್ ತರಬೇಕು. ವ್ಯಾನ್ ಇದೆಯಲ್ಲ?"

"ಇದೆ ಇದೆ" ಎಂದ ಗಂಡ, ಅವಳಿಗಿಂತ ಮೊದಲೇ.

ಬಾಡಿದ ಹೂವೆಲ್ಲ ಬಕೆಟ್ಟಿಗೆ ಬಿತ್ತು, ಮುಚ್ಚಳವೂ ಬಿತ್ತು. ಮೇಡಂ ಹೊರಟರು. ಮದುವೆಯ ಮಾತನ್ನು ಮಾತ್ರ ಎತ್ತಲಿಲ್ಲ. ಮಗಳು ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಹೂವಿನಮ್ಮ ಬಾಗಿಲವರೆಗೂ ಹಿಂದೆಯೇ ನಡೆದಳು. ಕೇಳಲೂ ಆಗದೆ ಬಿಡಲೂ ಆಗದೆ ಕೈಯಲ್ಲಿದ್ದ ಗೊಂಚಲಿನ ತಂತಿಯನ್ನು ತಿರುಚುತ್ತಿದ್ದಳು.

ಹೊಸ್ತಿಲ ಬಳಿ ಮೇಡಂ ನಿಂತು ಬಕೆಟ್ಟನ್ನು ಅವಳ ಕಡೆ ಚಾಚಿದರು.

"ಸ್ವಲ್ಪ ಹಿಡ್ಕೊಳ್ಳಿ ಬೀಗಿತ್ತಿಯವ್ರೇ, ಚಪ್ಪಲಿ ಹಾಕ್ಕೋತೀನಿ."

ಹೂವಿನಮ್ಮನ ಕೈಯಿಂದ ಗೊಂಚಲು ನೆಲಕ್ಕೆ ಬಿತ್ತು. ಒಳಗೆ ಮಗಳು ಜೋರಾಗಿ ಅಳುವುದೋ ನಗುವುದೋ ಕೇಳಿಸಿತು. ಹೂವಿನಮ್ಮ ಎರಡೂ ಕೈಯಲ್ಲಿ ಬಕೆಟ್ಟನ್ನು ಎದೆಗೆ ಅವಚಿಕೊಂಡಳು. ಬೆಳಗಿನಿಂದ ನೆಲ ಕಾಣದ ಅವಳ ಕಾಲು, ಮೇಡಂ ಎರಡನೇ ಚಪ್ಪಲಿಯ ಪಟ್ಟಿ ಬಿಗಿದುಕೊಳ್ಳುವವರೆಗೂ ಅಲ್ಲೇ ನಿಂತಿತ್ತು.