ಗುಬ್ಬಿಯ ಪಕ್ಕದ ಜಾಗ

ಗೈಡ್ ಮೇಡಂ ಕೆಂಪು ಪೆನ್ನು ಕೈಗೆತ್ತಿಕೊಂಡರೆ ಎದುರಿಗೆ ಕೂತ ವಿದ್ಯಾರ್ಥಿಯ ಎದೆ ಡವಗುಟ್ಟುವುದು ಆ ವಿಭಾಗದ ಹಳೆಯ ವಾಡಿಕೆ. ಆದರೆ ಆ ಮಂಗಳವಾರ ಪೆನ್ನು ಯಾವ ತಪ್ಪಿಗೂ ಗೆರೆ ಎಳೆಯಲಿಲ್ಲ. ಮೇಜಿನ ತುಂಬ ಹಾಸಿದ್ದ ದೊಡ್ಡ ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ವೃತ್ತ ಒಂಟಿಯಾಗಿತ್ತು. ಪೆನ್ನು ಅದರ ಸುತ್ತ ಇನ್ನೊಂದು ವೃತ್ತ ಬರೆಯಿತು.

"ಸೊನ್ನೆ!" ಅಂದರು ಮೇಡಂ, ಮೊಮ್ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ. "ತೊಂಬತ್ಮೂರು ಬಾಣದಲ್ಲಿ ಒಂದೂ ಈ ಮಗು ಕಡೆ ಬಂದಿಲ್ಲ. ಇಷ್ಟು ವರ್ಷದಲ್ಲಿ ನನ್ನ ಯಾವ ಸ್ಟೂಡೆಂಟಿಗೂ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ ಕಣೆ. ಚಿನ್ನದಂಥ ಸೊನ್ನೆ!"

ಎದುರಿಗೆ ಕೂತವಳು ಶಿಕ್ಷಣಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿನಿ. ಒಂದೇ ತರಗತಿಯಲ್ಲಿ ಬೇರೆಬೇರೆ ಬಗೆಯ ಮಕ್ಕಳು ಹೇಗೆ ಕಲಿಯುತ್ತಾರೆ, ಯಾರು ಒಳಗಿರುತ್ತಾರೆ, ಯಾರು ಹೊರಗುಳಿಯುತ್ತಾರೆ ಎನ್ನುವುದು ಅವಳ ಪ್ರಬಂಧದ ವಿಷಯ. ಶೀರ್ಷಿಕೆಯನ್ನು ಒಂದೇ ಉಸಿರಿನಲ್ಲಿ ಓದಲು ಯಾರಿಂದಲೂ ಆಗುತ್ತಿರಲಿಲ್ಲ. ಶಾಲೆಯ ಮಕ್ಕಳು ಅವಳನ್ನು ಪ್ರಶ್ನೆ ಅಕ್ಕ ಎಂದು ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ, ಎಷ್ಟೋ ಸಲೀಸು.

ಪ್ರಶ್ನೆ ಅಕ್ಕ ಮಾಡಿದ್ದಿಷ್ಟು. ಐದನೇ ತರಗತಿಯ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, "ಯಾರ ಪಕ್ಕ ಕೂತ್ಕೋಬೇಕು ಅಂತ ನಿಮಗಾಸೆ? ಮೂರು ಹೆಸರು ಬರೀರಿ" ಎಂದಿದ್ದಳು. ಆಮೇಲೆ ಒಬ್ಬೊಬ್ಬರಿಗೂ ಒಂದು ವೃತ್ತ ಬರೆದು, ಯಾರು ಯಾರನ್ನು ಬಯಸಿದರೋ ಅವರ ಕಡೆಗೆ ಬಾಣ ಎಳೆದಿದ್ದಳು. ಹೆಚ್ಚು ಬಾಣ ಬಂದವರು ತರಗತಿಯ ಕಣ್ಮಣಿಗಳು, ಒಂದೂ ಬಾರದವರು ಒಂಟಿಗಳು ಎಂದು ಪುಸ್ತಕ ಹೇಳುತ್ತಿತ್ತು. ಒಂದೂ ಬಾಣ ಬಾರದವಳು ಒಬ್ಬಳೇ, ಹುಟ್ಟಿನಿಂದ ಕಿವಿ ಕೇಳಿಸದ ಗುಬ್ಬಿ.

"ಹೆಡ್ ಮಾಸ್ಟ್ರು ಶುಕ್ರವಾರ ಒಂದು ಪ್ರತಿ ಕೇಳಿದಾರೆ ಮೇಡಂ," ಎಂದಳು ಪ್ರಶ್ನೆ ಅಕ್ಕ.

"ಕೊಡು. ಸಂಶೋಧನೆ ಯಾರಿಗಾದ್ರೂ ಉಪಯೋಗ ಆಗ್ಬೇಕಲ್ಲ."

ಆಗುವ ಉಪಯೋಗ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಶನಿವಾರ ಶಾಲೆಯಲ್ಲಿ ಸಭೆ. ಗುಬ್ಬಿಯನ್ನು ಮುಂದಿನ ವರ್ಷವೂ ಇಲ್ಲೇ ಓದಿಸುವುದೋ, ಊರಿನ ಆಚೆ ತುದಿಯ ಹಾಸ್ಟೆಲ್ ಇರುವ ಬೇರೆ ಶಾಲೆಗೆ ಕಳಿಸುವುದೋ ಎಂದು ಅಲ್ಲಿ ತೀರ್ಮಾನವಾಗಬೇಕಿತ್ತು. ಗುಬ್ಬಿಗೂ ಅವಳ ಅಪ್ಪ ಅಮ್ಮನಿಗೂ ಇಲ್ಲೇ ಇರುವ ಆಸೆ. ಹೆಡ್ ಮಾಸ್ಟರು ಕೆಟ್ಟವರೇನಲ್ಲ. ಆದರೆ ಕಾಗದದಲ್ಲಿ ಇದ್ದದ್ದನ್ನೇ ನಂಬುವ ಮನುಷ್ಯ. "ಯಾರಿಗೂ ಬೇಡವಾದ ಕಡೆ ಆ ಮಗೂನ ಕೂರಿಸೋದು ಪಾಪ ಅಲ್ವೇನಮ್ಮ? ನಿನ್ನ ವರದಿ ಏನು ಹೇಳುತ್ತೋ ನೋಡೋಣ," ಎಂದಿದ್ದರು. ವರದಿ ಹೇಳುವುದು ಸೊನ್ನೆ.

ಹಾಳೆ ಸುರುಳಿ ಸುತ್ತಿಕೊಂಡು ಹೊರಬಿದ್ದ ಪ್ರಶ್ನೆ ಅಕ್ಕನಿಗೆ ಮೊದಲು ಖುಷಿಯೇ ಆಯಿತು. ಸುಳ್ಳೇಕೆ, ಬಸ್ಸಿನಲ್ಲಿ ಮೂರು ನಿಲ್ದಾಣದವರೆಗೂ ಖುಷಿಯಾಗೇ ಇತ್ತು. ನಾಲ್ಕನೆಯದರಲ್ಲಿ ಗುಬ್ಬಿಯ ಮುಖ ನೆನಪಾಯಿತು.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಇದ್ದಳು. ಅಮ್ಮನ ಬಾಯಲ್ಲಿ ಗುಂಡುಸೂಜಿ ಇದ್ದರೆ ಮಾತ್ರ ಮಾತಿಗೆ ಬಿಡುವು. ಆಗ ಇರಲಿಲ್ಲ.

"ಏನೇ, ಮುಖ ಇಷ್ಟು ಸಣ್ಣಗಾಗಿದೆ? ಬೈದ್ರಾ ನಿಮ್ಮ ಮೇಡಂ?"

"ಇಲ್ಲಮ್ಮ, ಹೊಗಳಿದ್ರು." ಮಗಳು ಹಾಳೆಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿಚ್ಚಿ ಎಲ್ಲ ವಿವರಿಸಿದಳು.

ಅಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಂಟಿ ವೃತ್ತವನ್ನು ನೋಡಿದಳು. "ಇವಳ ಕಡೆಗೆ ಬಾಣ ಬಂದಿಲ್ಲ, ಸರಿ. ಇವಳಿಂದ ಹೊರಟಿದ್ದೂ ಒಂದೂ ಇಲ್ವಲ್ಲೇ? ಈ ಮಗು ಯಾರ ಹೆಸರು ಬರೀತು?"

"ಅವಳಿಗೆ ಹಾಳೆ ಕೊಟ್ಟಿರಲಿಲ್ಲ. ಪ್ರಶ್ನೇನ ಬಾಯಲ್ಲೇ ಹೇಳ್ಬೇಕು, ಬರೆದು ಕೊಡೋ ಹಾಗಿಲ್ಲ ಅಂತ ಪುಸ್ತಕದಲ್ಲಿ ನಿಯಮ ಇತ್ತು. ಅವಳಿಗೆ ಕೇಳಿಸಲ್ಲ ಅಂತ..."

"ಅಂತ?"

"ಬಿಟ್ಟೆ."

ಅಮ್ಮ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. "ಯಾರನ್ನ ಹೊರಗಿಡ್ತಾರೆ ಅಂತ ಹುಡುಕೋಕೆ ಹೋಗಿ ನೀನೇ ಹೊರಗಿಟ್ಟು ಬಂದ್ಯಾ? ಅಳತೆ ತಗೊಳ್ದೆ ಬಟ್ಟೆ ಹೊಲ್ದು, ಮೈ ಸರಿಯಿಲ್ಲ ಅಂದ ಹಾಗಾಯ್ತು ನಿನ್ನ ಕಥೆ!"

ಮಗಳಿಗೆ ಕೋಪ ಬಂತು, ಆಮೇಲೆ ನಾಚಿಕೆಯಾಯಿತು. ಅಮ್ಮ ಸೂಜಿಗೆ ದಾರ ಪೋಣಿಸುತ್ತಾ, "ಹೋಗು, ನಾಳೆ ಬೆಳಿಗ್ಗೆನೇ ಹೋಗಿ ಕೇಳು. ಹತ್ತು ವರ್ಷದ ಮಗು ಅದು, ಹುಲಿಯಲ್ಲ," ಎಂದಳು.

ಬುಧವಾರ ಪ್ರಾರ್ಥನೆಯ ಗಂಟೆಗೂ ಮೊದಲೇ ಪ್ರಶ್ನೆ ಅಕ್ಕ ಐದನೇ ತರಗತಿಯ ಬಾಗಿಲಲ್ಲಿದ್ದಳು. ಗುಬ್ಬಿಯ ವ್ಯಾನು ಇನ್ನೂ ಬಂದಿರಲಿಲ್ಲ. ಕ್ಲಾಸ್ ಟೀಚರ್ ಬೋರ್ಡು ಒರೆಸುತ್ತಿದ್ದರು. ಬೈಗುಳದಲ್ಲೂ ಮುದ್ದು ಬೆರೆಸಬಲ್ಲ ಹೆಂಗಸು ಅವರು, ಸೀಮೆಸುಣ್ಣದ ಪುಡಿ ಕೂದಲಿನಿಂದ ಎಂದೂ ಪೂರ್ತಿ ಹೋಗುತ್ತಿರಲಿಲ್ಲ. ಹಾಳೆ ನೋಡುತ್ತಿದ್ದಂತೆ ಅವರ ಕೈಯಲ್ಲಿದ್ದ ಡಸ್ಟರ್ ನಿಂತಿತು.

"ಒಬ್ರೂ ಇಲ್ವಾ?" ಅಂದರು. ಕುರ್ಚಿಯಲ್ಲಿ ಕೂತರು. "ನಾನು ಏನೇನೋ ಅಂದ್ಕೊಂಡಿದ್ದೆ ಕಣಮ್ಮ. ನನ್ನ ಮಕ್ಕಳು ಹಂಗಲ್ಲ ಅಂದ್ಕೊಂಡಿದ್ದೆ." ಅವರ ಕಣ್ಣು ತುಂಬಿದ್ದು ಕಂಡು ಪ್ರಶ್ನೆ ಅಕ್ಕನಿಗೆ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

ಓಡುವುದಕ್ಕೆ ದಾರಿ ಇರಲಿಲ್ಲ. ಮೇಜಿನ ಮೇಲೆ ದೊಡ್ಡ ಹಾಳೆ ಬಿಚ್ಚಿದರೆ ಮಕ್ಕಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತುತ್ತಾರೆ. ಎಲ್ಲರಿಗಿಂತ ಮುಂದೆ ತಲೆ ತೂರಿಸಿದವಳು ರೇಡಿಯೋ. ಬೆಳಿಗ್ಗೆ ಬಾಗಿಲಿಗೆ ಬಂದಾಗ ಶುರುವಾದರೆ ಸಂಜೆ ಮನೆಗೆ ಹೋಗುವವರೆಗೂ ಬಾಯಿಗೆ ಬಿಡುವು ಕೊಡದ ಹುಡುಗಿ, ಹಾಗಾಗಿ ಆ ಹೆಸರು.

"ಅಕ್ಕಾ, ಇದು ನಾವಾ? ಇದು ನಾನಾ? ನಂಗೆ ನಾಕು ಬಾಣ! ಇದ್ಯಾರು ಮೂಲೇಲಿ... ಗುಬ್ಬೀನಾ? ಗುಬ್ಬಿಗೆ ಯಾಕೆ ಏನೂ ಇಲ್ಲ?"

"ಯಾರೂ ಅವಳ ಹೆಸರು ಬರೆದಿಲ್ಲ," ಎಂದಳು ಪ್ರಶ್ನೆ ಅಕ್ಕ ಮೆಲ್ಲಗೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ತಪ್ಪು ಮಾಡಿ ಸಿಕ್ಕಿಬಿದ್ದವರ ನೋಟವಾಗಿರಲಿಲ್ಲ. ಇಷ್ಟು ದೊಡ್ಡವಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಎನ್ನುವ ಅಯ್ಯೋಪಾಪದ ನೋಟ.

"ಹೆಂಗೆ ಬರಿಯೋದಕ್ಕಾಗುತ್ತೆ ಅಕ್ಕಾ? ಗುಬ್ಬಿ ಪಕ್ಕಕ್ಕೆ ಸರದಿ ಇದೆ!" ಎಂದಿತು ರೇಡಿಯೋ.

ಯಾರೋ ಓಡಿಹೋಗಿ ಪುಸ್ತಕದ ಬೀರುವಿನ ಬಾಗಿಲು ತೆರೆದರು. ಒಳಮೈಗೆ ಒಂದು ಪಟ್ಟಿ ಅಂಟಿಸಿತ್ತು, ವರ್ಷದ ಕೊನೆಯವರೆಗೆ ವಾರಕ್ಕೊಂದು ಹೆಸರು. ಕೆಳಗೆ ಟೀಚರ ದುಂಡು ಅಕ್ಷರದಲ್ಲಿ ನಿಯಮ: "ಗುಬ್ಬಿಯ ಪಕ್ಕದ ಜಾಗ ಸರದಿಯ ಪ್ರಕಾರ. ನಡುವೆ ಬಂದು ಕೇಳಿದವರ ಹೆಸರು ಪಟ್ಟಿಯ ಕೊನೆಗೆ."

"ಅಯ್ಯೋ ನನ್ನ ಬುದ್ಧಿಗಿಷ್ಟು!" ಟೀಚರ್ ಹಣೆ ಚಚ್ಚಿಕೊಂಡರು. ಆಮೇಲೆ ಪ್ರಶ್ನೆ ಅಕ್ಕನಿಗೆ ಬಿಡಿಸಿ ಹೇಳಿದರು. ಶಾಲೆ ಶುರುವಾದ ಮೊದಲ ವಾರ ಆ ಜಾಗಕ್ಕೆ ಕಿತ್ತಾಟವೋ ಕಿತ್ತಾಟ. ಗುಬ್ಬಿಯ ಪಕ್ಕದವರಿಗೆ ಕೆಲಸವಿತ್ತು. ಟೀಚರ್ ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಅವರ ತುಟಿ ಗುಬ್ಬಿಗೆ ಕಾಣುವುದಿಲ್ಲ. ಆಗ ಪಕ್ಕದವರು ಆ ಮಾತನ್ನು ಬರೆದು ತೋರಿಸಬೇಕು, ಪುಟ ತಿರುಗಿಸುವಾಗ ಬೆಂಚು ತಟ್ಟಬೇಕು. ಕೈಸನ್ನೆ ಕಲಿಯಬಹುದು, ಟೀಚರ ಬೆನ್ನ ಹಿಂದೆ ಸದ್ದಿಲ್ಲದೆ ಮಾತಾಡಬಹುದು. ಯಾವ ಮಗು ಬಿಡುತ್ತದೆ? ಒಬ್ಬ ಇನ್ನೊಬ್ಬನ ಅಂಗಿ ಹರಿದ ಮೇಲೆ ಟೀಚರ್ ಪಟ್ಟಿ ಮಾಡಿದ್ದರು.

"ನಾನು ಗುಬ್ಬಿ ಅಂತ ಬರ್ದಿದ್ರೆ ಕೇಳಿದ ಹಾಗೇ ಅಲ್ವಾ?" ಎಂದ ಒಬ್ಬ. "ನನ್ನ ಸರದಿಗೆ ಇನ್ನು ಎರಡೇ ವಾರ ಇರೋದು. ಕೊನೆಗೆ ಹೋದ್ರೆ?"

ಸರದಿ ಮುಗಿದವರೂ ಎರಡನೇ ಸುತ್ತಿನ ಆಸೆಯಲ್ಲಿ ಸೇರಿ, ಮೂವತ್ತೊಂದು ಮಕ್ಕಳೂ ಅದೇ ಲೆಕ್ಕ ಹಾಕಿದ್ದರು. ಪ್ರಶ್ನೆ ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಚಿನ್ನದಂಥ ಸೊನ್ನೆ ಹೋಯಿತು, ಪ್ರಬಂಧ ಒಪ್ಪಿಸಲು ಮೂರೇ ವಾರ ಉಳಿದಿತ್ತು, ಆದರೂ ಮನಸ್ಸು ಹಗುರವಾಗಿತ್ತು.

"ನಿನ್ನ ಸರದಿ ಯಾವಾಗ?" ಎಂದು ರೇಡಿಯೋವನ್ನು ಕೇಳಿದಳು.

ಮೊದಲ ಬಾರಿಗೆ ಆ ಬಾಯಿ ಕಟ್ಟಿತು. ಪಟ್ಟಿಯಲ್ಲಿ ರೇಡಿಯೋ ಹೆಸರಿನ ಮೇಲೆ ಗೆರೆ ಎಳೆದಿತ್ತು.

"ಇವಳು ಕೂತ ವಾರ ಇಬ್ರೂ ಒಂದಕ್ಷರ ಪಾಠ ಕೇಳಿಲ್ಲ," ಎಂದರು ಟೀಚರ್. "ಬರೀ ನಗು. ಆ ಮಗು ಕಲಿಕೆ ಹಾಳಾಗುತ್ತೆ ಅಂತ ಇವಳನ್ನ ತೆಗೆದೆ, ಮತ್ತೆ ಕೇಳಿದ್ರೆ ಪಟ್ಟಿಗೇ ಸೇರ್ಸಲ್ಲ ಅಂದಿದ್ದೆ."

ಅಷ್ಟರಲ್ಲಿ ಗುಬ್ಬಿ ಬಂದಳು. ಪ್ರಶ್ನೆ ಅಕ್ಕ ಅವಳ ಎದುರಿಗೆ ಮಂಡಿಯೂರಿ ಕೂತು, ಪ್ರಶ್ನೆ ಬರೆದ ಹಾಳೆ ಕೊಟ್ಟಳು. ಪುಸ್ತಕದ ನಿಯಮ ಪುಸ್ತಕದಲ್ಲೇ ಇರಲಿ ಎಂದುಕೊಂಡಳು. ಗುಬ್ಬಿ ಓದಿದಳು, ಹಾಳೆಯನ್ನೂ ತನ್ನ ಎದೆಯನ್ನೂ ತೋರಿಸಿ ಹುಬ್ಬೇರಿಸಿದಳು, ನನಗಾ ಎನ್ನುವ ಹಾಗೆ.

"ನಿನಗೇ. ಅವತ್ತೇ ಕೊಡ್ಬೇಕಿತ್ತು. ನನ್ನದು ತಪ್ಪಾಯ್ತು," ಎಂದಳು ಪ್ರಶ್ನೆ ಅಕ್ಕ, ತುಟಿ ಕಾಣುವ ಹಾಗೆ ನಿಧಾನವಾಗಿ.

ಗುಬ್ಬಿ ದೊಡ್ಡ ಮನಸ್ಸಿನಿಂದ ತಲೆ ಅಲ್ಲಾಡಿಸಿ, ಮೂಲೆಗೆ ಹೋಗಿ, ಪರೀಕ್ಷೆಯಲ್ಲಿ ಬರೆಯುವಂತೆ ಮೊಣಕೈ ಅಡ್ಡ ಇಟ್ಟು ಬರೆದಳು. ನಾಲ್ಕು ಮಡಿಕೆ ಮಡಚಿ ತಂದು ಕೊಟ್ಟಳು. ಒಳಗೆ ಮೂರು ಸಾಲಿನಲ್ಲೂ ಒಂದೇ ಹೆಸರು. ರೇಡಿಯೋ. ರೇಡಿಯೋ. ರೇಡಿಯೋ.

"ಮೂರು ಬೇರೆಬೇರೆ ಹೆಸರು ಬೇಕಮ್ಮ," ಎಂದಳು ಪ್ರಶ್ನೆ ಅಕ್ಕ, ಅಭ್ಯಾಸ ಬಿಡುತ್ತದೆಯೇ?

ಗುಬ್ಬಿ ಬೇಡ ಎಂದು ತಲೆಯಾಡಿಸಿದಳು. ಟೀಚರ್ ಹಾಳೆಯನ್ನು ಎರಡು ಸಲ ಓದಿದರು. "ಮೂವತ್ತೊಂದು ಜನಕ್ಕೂ ನ್ಯಾಯ ಮಾಡ್ದೆ," ಎಂದರು. "ಇವಳನ್ನ ಮನೆಗೆ ಬಂದ ನೆಂಟರ ಹಾಗೆ ನೋಡ್ಕೊಂಡೆ ಹೊರತು ನಿಂಗೇನು ಬೇಕು ಅಂತ ಒಂದಿನ ಕೇಳ್ಲಿಲ್ಲ." ಬೀರುವಿನ ಹತ್ತಿರ ಹೋಗಿ, ಇನ್ನು ಮುಂದೆ ಒಂದು ವಾರ ಸರದಿ, ಒಂದು ವಾರ ಗುಬ್ಬಿ ಹೇಳಿದವರು ಎಂದು ಬರೆದರು. ಮೊದಲ ವಾರ ನಾಳೆಯಿಂದಲೇ ರೇಡಿಯೋಗೆ. ಆ ವಾರದ ಸರದಿಯವನು ಗಂಟಲು ಹರಿಯುವಂತೆ ಕೂಗಿದ. ಅವನಿಗೆ ಮುಂದೆ ಒಂದು ವಾರ ಹೆಚ್ಚಿಗೆ ಕೊಟ್ಟು ಸಮಾಧಾನ ಮಾಡಬೇಕಾಯಿತು.

ಸಂಜೆ ಗೈಡ್ ಮೇಡಂ ಎಲ್ಲವನ್ನೂ ಕೇಳಿ, ಕೆಂಪು ಪೆನ್ನಿನ ಮುಚ್ಚಳ ಹಾಕಿದರು. "ಹೋಯ್ತಲ್ಲೇ ಸೊನ್ನೆ."

"ಆ ಸೊನ್ನೆ ಮಕ್ಕಳದಲ್ಲ ಮೇಡಂ, ನಂದು. ಮೂವತ್ತೆರಡು ಹಾಳೆ ಹಂಚ್ಬೇಕಿತ್ತು, ಮೂವತ್ತೊಂದು ಹಂಚಿದೆ. ಅದನ್ನೇ ಬರೀತೀನಿ."

ಮೇಡಂ ಪೆನ್ನಿನ ಮುಚ್ಚಳ ಮತ್ತೆ ತೆಗೆದು ಅವಳ ಮುಂದೆ ಇಟ್ಟರು. ತಮ್ಮ ತಪ್ಪು ಒಪ್ಪಿಕೊಳ್ಳುವುದು ಅವರಿಗೂ ಹೊಸ ಅಭ್ಯಾಸ. "ಬರಿ," ಎಂದರು. "ಗೈಡೂ ಹಾಳೆ ಎಣಿಸ್ಲಿಲ್ಲ ಅಂತ ಅದರ ಕೆಳಗೇ ಬರಿ."

ಶುಕ್ರವಾರ ಹೆಡ್ ಮಾಸ್ಟರು ಹೊಸ ವರದಿಯನ್ನು ಕನ್ನಡಕ ಒರೆಸಿ ಒರೆಸಿ ಓದಿದರು. "ಸರದಿ ಇರೋದು ಸರಿ. ಆದ್ರೆ ಸರದಿ ಅಂದ್ರೆ ಕರ್ತವ್ಯಾನೂ ಆಗಿರಬಹುದಲ್ಲಮ್ಮ," ಎಂದರು. "ಆ ಮಗು ಇಲ್ಲಿ ಎಲ್ಲರ ಹಾಗೆ ಇದೆಯಾ? ಅದು ನಂಗೆ ಗೊತ್ತಾಗ್ಬೇಕು. ನಡಿ, ನಾನೇ ನೋಡ್ತೀನಿ." ಪ್ರಶ್ನೆ ಅಕ್ಕ ಅವರ ಹಿಂದೆ ಹೊರಟಳು. ಅವರ ಮಾತಿಗೆ ಕಾಗದದಲ್ಲಿ ಉತ್ತರ ಇರಲಿಲ್ಲ.

ಇಬ್ಬರೂ ಕಾರಿಡಾರಿನ ತಿರುವು ದಾಟಿದರು. ಐದನೇ ತರಗತಿಯ ಬಾಗಿಲ ಹೊರಗೆ, ಗೋಡೆಗೆ ಬೆನ್ನು ಹಚ್ಚಿ ಇಬ್ಬರು ಹುಡುಗಿಯರು ನಿಂತಿದ್ದರು. ರೇಡಿಯೋದ ಬಾಯಿ, ಕೈ, ಹುಬ್ಬು ಎಲ್ಲ ಒಟ್ಟಿಗೇ ಓಡುತ್ತಿದ್ದವು. ಗುಬ್ಬಿಯ ಕೈ ಅದಕ್ಕಿಂತ ಜೋರಾಗಿ ಓಡುತ್ತಿತ್ತು. ಒಳಗಿನಿಂದ ಟೀಚರ ಗುಡುಗು ಇನ್ನೂ ನಿಂತಿರಲಿಲ್ಲ.

ಹೆಡ್ ಮಾಸ್ಟರು ಗುಬ್ಬಿಯ ಎದುರು ಬಗ್ಗಿ ನಿಂತರು. "ಏನಮ್ಮ? ಯಾಕೆ ಹೊರಗೆ ನಿಲ್ಲಿಸಿದಾರೆ?"

ಗುಬ್ಬಿ ಅವರ ತುಟಿ ನೋಡಿದಳು. ಶಾಲೆಗೆ ಸೇರಿದಾಗಿನಿಂದ ಇವತ್ತಿನವರೆಗೆ ಅವಳು ಯಾರಿಂದಲೂ ಒಂದು ಮಾತು ಬೈಸಿಕೊಂಡವಳಲ್ಲ. ಬೆನ್ನು ನೆಟ್ಟಗೆ ಮಾಡಿ, ತನ್ನ ದಪ್ಪ ದನಿಯಲ್ಲಿ, ಇಡೀ ಕಾರಿಡಾರಿಗೆ ಕೇಳುವಂತೆ ಉತ್ತರ ಕೊಟ್ಟಳು.

"ಕ್ಲಾಸಲ್ಲಿ ಮಾತಾಡ್ತಿದ್ದೆ ಸಾರ್!"